ಕಾರಿನ ಸ್ವಯಂಚಾಲಿತ ಹವಾನಿಯಂತ್ರಣ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಅದರ ಬಳಕೆ

ಕಾರಿನೊಳಗಿನ ಉಷ್ಣತೆಯನ್ನು ಕುಳಿತವರು ಗೊತ್ತುಮಾಡಿದ ಮಟ್ಟದಲ್ಲಿ ತಾನಾಗಿಯೇ ಕಾಯ್ದುಕೊಳ್ಳುವ ಏರ್ಪಾಡು ಸ್ವಯಂಚಾಲಿತ ಹವಾನಿಯಂತ್ರಣ. ಸಾಮಾನ್ಯ ಏಸಿಯಲ್ಲಿ ತಂಪು ಹೆಚ್ಚಾದಾಗ ಗುಂಡಿ ತಿರುಗಿಸುವುದು, ಬ್ಲೋಯರ್ ವೇಗ ತಗ್ಗಿಸುವುದು ಕುಳಿತವರ ಕೆಲಸ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ 24 ಅಥವಾ 25 ಎಂದು ಅಂಕಿ ಇಟ್ಟು ‘ಆಟೋ’ ಗುಂಡಿ ಒತ್ತಿದರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಇರುವ ಮತ್ತೊಂದು ಗುಂಡಿ ಗಾಳಿ ಎಲ್ಲಿಂದ ಬರಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಹೊರಗಿನಿಂದ ಹೊಸ ಗಾಳಿ ಎಳೆದುಕೊಳ್ಳುವ ಸ್ಥಿತಿಯನ್ನು ಈ ಲೇಖನದಲ್ಲಿ ‘ಹೊರಗಾಳಿ’ ಎಂದೂ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡಿ ತಿರುಗಿಸುವ ಸ್ಥಿತಿಯನ್ನು ‘ಒಳಗಾಳಿ’ ಎಂದೂ ಕರೆಯಲಾಗಿದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಬಿಸಿಲು, ದೂಳು, ಒಣಹವೆಯ ನಾಡು. ಇಲ್ಲಿ ಓಡುವ ಕಾರಿಗೆ ಈ ಎರಡು ಗುಂಡಿಗಳಲ್ಲಿ ಎರಡನೆಯದೇ ಹೆಚ್ಚು ಮುಖ್ಯ. ಬಿಸಿ ಎಷ್ಟಿದೆ ಎಂಬುದನ್ನು ಯಂತ್ರ ಅಳೆಯಬಲ್ಲದು. ಮುಂದಿನ ಲಾರಿ ಎಬ್ಬಿಸಿದ ದೂಳನ್ನಾಗಲಿ, ಐದು ಜನರ ಉಸಿರಿನಿಂದ ಕಾರಿನೊಳಗೆ ಕೆಡುತ್ತಿರುವ ಗಾಳಿಯನ್ನಾಗಲಿ ಬಹುಪಾಲು ಕಾರುಗಳು ಅರಿಯುವುದಿಲ್ಲ. ಆ ತೀರ್ಮಾನ ಇಂದಿಗೂ ಸ್ಟೀರಿಂಗ್ ಹಿಡಿದವರದೇ.

ಸೀಮೆಯ ಹವೆ ಮತ್ತು ರಸ್ತೆ

ಎರಡೂ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿವೆ. ವರ್ಷದ ಮಳೆ 500 ಮಿ.ಮೀ. ಆಸುಪಾಸು; ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಕಟುವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಕರಾವಳಿಯ ಹಾಗೆ ಬೆವರು ಅಂಟುವ ಸೆಕೆ ಇದಲ್ಲ, ಒಣ ಬಿಸಿ. ರಾತ್ರಿ ಹೊತ್ತು ಗಾಳಿ ಬೇಗ ತಣಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದರೂ ಮಳೆ ವಿರಳ, ಬೀಸುಗಾಳಿ ಜೋರು. ಜಿಲ್ಲೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಇದೇ ಗಾಳಿಯನ್ನು ನಂಬಿದವು. ಹದವಾದ ಮಳೆ ಸಿಗುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ.

ಬಳ್ಳಾರಿಯಿಂದ ಹಿರಿಯೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ರಾಂಪುರ, ಬಿ.ಜಿ.ಕೆರೆ, ತಳಕು, ಚಳ್ಳಕೆರೆಗಳನ್ನು ಹಾದುಹೋಗುತ್ತದೆ. ಬಳ್ಳಾರಿ ಕಡೆಯ ಭಾರಿ ಲಾರಿಗಳು ಹಗಲೂ ರಾತ್ರಿ ಈ ದಾರಿಯಲ್ಲಿ ಓಡುತ್ತವೆ. ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಸುಗ್ಗಿಯಲ್ಲಿ ಗಿರಣಿಗಳ ಸುತ್ತ ಶೇಂಗಾ ಹೊಟ್ಟು ಗಾಳಿಯಲ್ಲಿ ತೇಲುತ್ತದೆ. ಕಂಬಳಿಗೂ ಈ ಊರು ಪ್ರಸಿದ್ಧ. ಕುರಿ ಸಾಕಣೆಯ ಈ ಸೀಮೆಯಲ್ಲಿ ಹಿಂಡು ರಸ್ತೆ ದಾಟುವವರೆಗೆ ಕಾರು ದೂಳಿನಲ್ಲಿ ನಿಲ್ಲಬೇಕಾಗುವುದು ದಿನನಿತ್ಯದ ಮಾತು. ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಕೊಳ್ಳಲು, ಅಶೋಕನ ಶಾಸನವಿರುವ ಬ್ರಹ್ಮಗಿರಿ ನೋಡಲು, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದರ್ಶನಕ್ಕೆ ದೂರದ ಊರುಗಳಿಂದ ಸಂಸಾರ ಸಮೇತ ಕಾರಿನಲ್ಲಿ ಬರುವವರು ಬಹಳ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಮತ್ತು ಇತರ ರಾಷ್ಟ್ರೀಯ ಸಂಸ್ಥೆಗಳ ಕೇಂದ್ರಗಳು ಬಂದ ಮೇಲೆ ಬೆಂಗಳೂರಿನ ಜೊತೆಗಿನ ಓಡಾಟವೂ ಹೆಚ್ಚಿದೆ. ಹೀಗಾಗಿ ಡಾಂಬರು ಹೆದ್ದಾರಿ, ಹಳ್ಳಿಯ ಮಣ್ಣುರಸ್ತೆ, ಮಿಲ್ಲಿನ ಬೀದಿ, ಜಾತ್ರೆಯ ಬಯಲು ಇವೆಲ್ಲವೂ ಒಂದೇ ದಿನದ ಪಯಣದಲ್ಲಿ ಎದುರಾಗಬಹುದು.

ಇತಿಹಾಸ

ಕಾರ್ಖಾನೆಯಲ್ಲೇ ಏಸಿ ಅಳವಡಿಸಿದ ಕಾರನ್ನು ಮೊದಲು ಜನರ ಮುಂದಿಟ್ಟದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1939ರ ನವೆಂಬರ್‌ನಲ್ಲಿ, ಷಿಕಾಗೊದ ವಾಹನ ಪ್ರದರ್ಶನದಲ್ಲಿ. ಅದರ ತಂಪು ಮಾಡುವ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗಿದ್ದು ಡಿಕ್ಕಿಯ ಜಾಗವನ್ನು ನುಂಗುತ್ತಿತ್ತು. ಕಂಪ್ರೆಸರ್ ನಿಲ್ಲಿಸಲು ಸ್ವಿಚ್ ಇರಲಿಲ್ಲ. ಏಸಿ ಬೇಡವಾದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ಹೊರಗಿನ ಗಾಳಿಯನ್ನು ಒಳಗೆ ತರುವ ವ್ಯವಸ್ಥೆಯೂ ಅದರಲ್ಲಿರಲಿಲ್ಲ. ಎಂದರೆ ಮೊದಲ ಕಾರ್ ಏಸಿ ಸದಾ ಒಳಗಾಳಿಯಲ್ಲೇ ನಡೆಯುತ್ತಿತ್ತು.

1953ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಸುಧಾರಿಸಿದ ಏಸಿ ಬಂತು. 1954ರಲ್ಲಿ ನ್ಯಾಶ್ ಕಂಪನಿ ಬಿಸಿಗಾಳಿ, ತಂಪುಗಾಳಿ ಎರಡನ್ನೂ ಒಂದೇ ಪೆಟ್ಟಿಗೆಗೆ ಅಡಕ ಮಾಡಿ ಕಾರಿನ ಮುಂಭಾಗಕ್ಕೆ ತಂದಿತು. ಇಂದಿನ ಎಲ್ಲ ಕಾರುಗಳ ಏಸಿಯೂ ಇದೇ ಜಾಡಿನಲ್ಲಿದೆ. 1964ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ‘ಕಂಫರ್ಟ್ ಕಂಟ್ರೋಲ್’ ಮೊದಲ ಸ್ವಯಂಚಾಲಿತ ಹವಾನಿಯಂತ್ರಣ. ಬೇಕಾದ ಉಷ್ಣತೆಯ ಅಂಕಿಯನ್ನು ಒಮ್ಮೆ ಇಟ್ಟರೆ ಬಿಸಿ, ತಂಪು ಎರಡನ್ನೂ ಅದೇ ಹೊಂದಿಸಿಕೊಳ್ಳುತ್ತಿತ್ತು.

ಭಾರತದಲ್ಲಿ ಕಾರಿನ ಏಸಿ ಬಹುಕಾಲ ಸಿರಿವಂತರ ಸೊತ್ತಾಗಿತ್ತು. 1980ರ ದಶಕದ ನಂತರ ಸಣ್ಣ ಕಾರುಗಳಿಗೂ ಅದು ಇಳಿದು ಬಂತು. ಸ್ವಯಂಚಾಲಿತ ವ್ಯವಸ್ಥೆ ದುಬಾರಿ ಸೆಡಾನ್‌ಗಳಲ್ಲಿ ಮೊದಲುಗೊಂಡು ಇಂದು ಸಣ್ಣ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲೂ ದೊರೆಯುತ್ತದೆ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೂ 2025ರಿಂದ ಏಸಿ ಕಡ್ಡಾಯವಾಗಿದೆ. ಬಳ್ಳಾರಿ ರಸ್ತೆಯ ಬಿಸಿಲಲ್ಲಿ ದಿನವಿಡೀ ಎಂಜಿನ್ ಶಾಖಕ್ಕೆ ಮೈಯೊಡ್ಡಿ ದುಡಿಯುವ ಚಾಲಕರಿಗೆ ಇದು ಬಹಳ ತಡವಾಗಿ ಸಿಕ್ಕ ನ್ಯಾಯ.

ರಚನೆ ಮತ್ತು ಕೆಲಸದ ರೀತಿ

ತಂಪು ಹುಟ್ಟುವುದು ಶೈತ್ಯಕ ಅನಿಲದ ಸುತ್ತಾಟದಿಂದ. ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆ ದ್ರವ ಕಿರಿದಾದ ಕವಾಟದಲ್ಲಿ ಹಾಯ್ದು, ಡ್ಯಾಶ್‌ಬೋರ್ಡ್ ಒಳಗಿನ ಇವ್ಯಾಪರೇಟರ್‌ನಲ್ಲಿ, ಅಂದರೆ ಮೆಕ್ಯಾನಿಕ್‌ಗಳು ‘ಕೂಲಿಂಗ್ ಕಾಯಿಲ್’ ಎನ್ನುವ ಭಾಗದಲ್ಲಿ, ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಬ್ಲೋಯರ್ ತಳ್ಳಿದ ಗಾಳಿ ಈ ಕಾಯಿಲ್ ಮೇಲೆ ಹಾದು ತಂಪಾಗುತ್ತದೆ. ಗಾಳಿಯಲ್ಲಿದ್ದ ತೇವ ಅಲ್ಲೇ ಹನಿಗಟ್ಟಿ ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನಡಿ ಕಾಣುವ ತಿಳಿನೀರು ಇದೇ, ಅದು ದೋಷವಲ್ಲ.

ಸ್ವಯಂಚಾಲಿತ ವ್ಯವಸ್ಥೆಗೆ ಇದರ ಮೇಲೆ ಕೆಲವು ಸಂವೇದಕಗಳೂ ಒಂದು ನಿಯಂತ್ರಕವೂ ಬೇಕು. ಮುಂದಿನ ಗ್ರಿಲ್ ಅಥವಾ ಬಂಪರ್ ಹಿಂದಿನ ಸಂವೇದಕ ಹೊರಗಿನ ಉಷ್ಣತೆಯನ್ನು ತಿಳಿಸುತ್ತದೆ. ಸ್ಟೀರಿಂಗ್ ಆಸುಪಾಸಿನಲ್ಲಿ ಚಿಕ್ಕ ಜಾಲರಿಯ ಹಿಂದಿರುವುದು ಒಳಗಿನ ಗಾಳಿಯನ್ನು ಅಳೆಯುತ್ತದೆ. ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಇರುವ ಪುಟ್ಟ ಕರಿ ಗುಬುಟು ಬಿಸಿಲಿನ ತೀವ್ರತೆಯನ್ನು ಗ್ರಹಿಸುತ್ತದೆ. ಕಾಯಿಲ್ ಬಳಿಯ ಮತ್ತೊಂದು, ಹೆಪ್ಪುಗಟ್ಟದಂತೆ ಕಾವಲಿರುತ್ತದೆ. ಇವುಗಳ ವರದಿ ನೋಡಿ ನಿಯಂತ್ರಕವು ಬ್ಲೋಯರ್ ವೇಗವನ್ನೂ, ತಂಪು ಮತ್ತು ಬಿಸಿ ಗಾಳಿ ಬೆರೆಸುವ ಹಲಗೆಯನ್ನೂ, ಗಾಳಿ ಮುಖಕ್ಕೋ ಕಾಲಿಗೋ ಗಾಜಿಗೋ ಎಂಬುದನ್ನೂ, ಅನೇಕ ಕಾರುಗಳಲ್ಲಿ ಒಳಗಾಳಿ–ಹೊರಗಾಳಿ ಹಲಗೆಯನ್ನೂ ಹೊಂದಿಸುತ್ತದೆ.

ಬಳಕೆದಾರರಿಗೆ ಇದರಿಂದ ಎರಡು ಪಾಠಗಳಿವೆ. ಮೊದಲನೆಯದು: ಡ್ಯಾಶ್‌ಬೋರ್ಡ್ ಮೇಲಿನ ದೇವರ ವಿಗ್ರಹ, ಹೂವಿನ ಮಾಲೆ, ಹಾಸಿದ ಟವೆಲ್ ಬಿಸಿಲಿನ ಸಂವೇದಕವನ್ನು ಮುಚ್ಚಿದರೆ ಕಾರಿಗೆ ನಡುಮಧ್ಯಾಹ್ನವೂ ಮೋಡ ಕವಿದಂತೆ ತೋರುತ್ತದೆ, ಅದು ತಂಪನ್ನು ಕಡಿಮೆ ಕೊಡುತ್ತದೆ. ವಿಗ್ರಹವನ್ನು ನಾಲ್ಕು ಬೆರಳು ಪಕ್ಕಕ್ಕೆ ಇಟ್ಟರೆ ಸಾಕು. ಎರಡನೆಯದು: ಅಂಕಿಯನ್ನು ತಳಕ್ಕಿಳಿಸಿ ‘ಲೋ’ ಮಾಡಿದರೆ ಕಾರು ಬೇಗ ತಂಪಾಗುತ್ತದೆ ಎಂಬ ನಂಬಿಕೆ ಹುರುಳಿಲ್ಲದ್ದು. ಕಾದ ಕಾರಿನಲ್ಲಿ 24 ಎಂದಿಟ್ಟರೂ ವ್ಯವಸ್ಥೆ ಮೊದಲಿಗೆ ತನ್ನ ಪೂರ್ತಿ ಬಲದಲ್ಲೇ ದುಡಿಯುತ್ತದೆ. ‘ಲೋ’ದಲ್ಲಿ ಅದು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ, ಅಷ್ಟೇ. ಆಮೇಲೆ ಚಳಿಯಾಯಿತೆಂದು ಮೇಲಿಂದ ಮೇಲೆ ಗುಂಡಿ ಒತ್ತುವ ಕೆಲಸ ಶುರುವಾಗುತ್ತದೆ. ಈ ಸೀಮೆಯ ಒಣಹವೆಯಲ್ಲಿ ಬಹುತೇಕರಿಗೆ 24ರಿಂದ 26 ಹಿತವಾದ ಮಟ್ಟ; ಗಾಳಿ ಒಣದಾಗಿರುವುದರಿಂದ 26ರಲ್ಲೂ ಮೈಗೆ ತಂಪೆನಿಸುತ್ತದೆ.

ಒಳಗಾಳಿ ಮತ್ತು ಹೊರಗಾಳಿ

ಒಳಗಾಳಿಯ ಗುಂಡಿಯ ಮೇಲೆ ಕಾರಿನ ಚಿತ್ರವೂ ಅದರೊಳಗೆ ಬಳಸಿ ತಿರುಗಿದ ಬಾಣವೂ ಇರುತ್ತವೆ. ಹೊರಗಿನಿಂದ ಒಳಕ್ಕೆ ಬರುವ ಬಾಣವಿದ್ದರೆ ಅದು ಹೊರಗಾಳಿಯ ಗುರುತು. ಹಲವು ಕಾರುಗಳಲ್ಲಿ ಒಂದೇ ಗುಂಡಿ ಇದ್ದು, ದೀಪ ಹೊತ್ತಿದರೆ ಒಳಗಾಳಿ, ಆರಿದರೆ ಹೊರಗಾಳಿ ಎಂದು ತಿಳಿಯಬೇಕು. ಹಳೆಯ ಹಾಗೂ ಅಗ್ಗದ ಮಾದರಿಗಳಲ್ಲಿ ಇದು ಅಡ್ಡಕ್ಕೆ ಸರಿಸುವ ಹಿಡಿಯ ರೂಪದಲ್ಲಿರುತ್ತದೆ.

ಬಿಸಿಲಲ್ಲಿ ಒಳಗಾಳಿಯ ಲಾಭ ಎಷ್ಟೆಂಬುದನ್ನು ಲೆಕ್ಕದಿಂದ ತೋರಿಸಬಹುದು. ಬ್ಲೋಯರ್ ಗಂಟೆಗೆ 300 ಘನ ಮೀಟರ್ ಗಾಳಿ ತಳ್ಳುತ್ತಿದೆ, ಹೊರಗೆ 40 ಡಿಗ್ರಿ, ಒಳಗೆ 27 ಡಿಗ್ರಿ ಇದೆ ಎನ್ನೋಣ. ಹೊರಗಾಳಿಯಲ್ಲಿ ಕಾಯಿಲ್‌ಗೆ 40ರ ಗಾಳಿ ಬರುತ್ತದೆ, ಒಳಗಾಳಿಯಲ್ಲಿ 27ರ ಗಾಳಿ. ಈ 13 ಡಿಗ್ರಿಯ ಅಂತರವನ್ನು ಇಳಿಸಲು ಬೇಕಾಗುವ ಹೆಚ್ಚುವರಿ ತಂಪಿನ ಶಕ್ತಿ ಒಂದು ಕಿಲೋವ್ಯಾಟ್‌ಗೂ ಮಿಗಿಲು. ಇಷ್ಟು ಹೊರೆ ತಪ್ಪುವುದರಿಂದಲೇ ಒಳಗಾಳಿಯಲ್ಲಿ ಕಾರು ಬೇಗ ತಣಿಯುತ್ತದೆ, ಇಂಧನವೂ ಉಳಿಯುತ್ತದೆ.

ಇದರ ಬೆಲೆ ತೆರಬೇಕಾದದ್ದು ಗಾಳಿಯ ಗುಣದಲ್ಲಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ. ಸುಮ್ಮನೆ ಕುಳಿತ ವಯಸ್ಕರೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾರೆ. ಸಣ್ಣ ಕಾರಿನ ಒಳಜಾಗ ಸುಮಾರು 3 ಘನ ಮೀಟರ್, ಅಂದರೆ 3000 ಲೀಟರ್. ನಾಲ್ವರು ಹತ್ತು ನಿಮಿಷ ಕುಳಿತರೆ 12 ಲೀಟರ್ ಸೇರುತ್ತದೆ. ಗಾಳಿ ಎಲ್ಲೂ ಸೋರದಿದ್ದರೆ ಇಂಗಾಲದ ಡೈಆಕ್ಸೈಡ್ ಪ್ರಮಾಣ ಹತ್ತೇ ನಿಮಿಷದಲ್ಲಿ 4000 ಭಾಗದಷ್ಟು ಏರುತ್ತದೆ. ಓಡುವ ಕಾರಿನ ಬಾಗಿಲಿನ ಸಂದುಗಳಲ್ಲಿ ಒಂದಿಷ್ಟು ಗಾಳಿ ಆಡುವುದರಿಂದ ನಿಜದ ಏರಿಕೆ ಇದಕ್ಕಿಂತ ಕಡಿಮೆ. ಆದರೆ ಏರುವ ದಿಕ್ಕು ಇದೇ. ಹೊಸ ಕಾರುಗಳ ಬಾಗಿಲ ರಬ್ಬರ್ ಬಿಗಿಯಾದಷ್ಟೂ ಸೋರುವಿಕೆ ಕಡಿಮೆಯಾಗಿ ಏರಿಕೆ ಹೆಚ್ಚುತ್ತದೆ. ತಲೆ ಭಾರ, ಆಕಳಿಕೆ, ತೂಕಡಿಕೆ, ಗಮನ ಕುಂದುವುದು ಇದರ ಲಕ್ಷಣಗಳು. ಊಟ ಮುಗಿಸಿ ಹೊರಟ ಪ್ರಯಾಣದಲ್ಲಿ ಬರುವ ತೂಕಡಿಕೆಯನ್ನು ಊಟದ ತಲೆಗೆ ಕಟ್ಟುವುದು ರೂಢಿ. ಅದರಲ್ಲಿ ಒಳಗಾಳಿಯ ಪಾಲೂ ಇರುತ್ತದೆ.

ಬೇಸಿಗೆಯ ಬಳಕೆ

ಬಿಸಿಲಲ್ಲಿ ನಿಂತ ಕಾರಿನ ಒಳಗು ಹೊರಗಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೇಸಿಗೆಯ ಬಿಸಿಲಿಗೆ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿಗೆ, ಡ್ಯಾಶ್‌ಬೋರ್ಡ್ 69 ಡಿಗ್ರಿಗೆ, ಸ್ಟೀರಿಂಗ್ 53 ಡಿಗ್ರಿಗೆ ಏರಿದ್ದು ಕಂಡಿತು. ಅರಿಜೋನಾದ್ದೂ ಒಣ ಬಿಸಿಲೇ. ಮೇ ತಿಂಗಳ ಚಳ್ಳಕೆರೆಗೆ ಆ ಅಂಕಿಗಳು ದೂರದವಲ್ಲ.

ಸಂತೆ ಮುಗಿಸಿ ಎರಡು ಗಂಟೆಯ ಬಿಸಿಲಲ್ಲಿ ಕಾರಿಗೆ ಮರಳಿದವರು ಅನುಸರಿಸಬೇಕಾದ ಕ್ರಮ ಹೀಗಿದೆ. ಮೊದಲು ಎಲ್ಲ ಬಾಗಿಲು ತೆರೆದು ಅರ್ಧ ನಿಮಿಷ ಬಿಡಬೇಕು. ಗಾಜುಗಳನ್ನು ಇಳಿಸಿ, ಏಸಿ ಹಾಕಿ, ಹೊರಗಾಳಿಯಲ್ಲೇ ಹೊರಡಬೇಕು. ಆ ಹೊತ್ತಿನಲ್ಲಿ ಹೊರಗಿನ 40 ಡಿಗ್ರಿಯ ಗಾಳಿಯೇ ಒಳಗಿನದಕ್ಕಿಂತ ತಂಪು. ಒಳಗಾಳಿ ಒತ್ತಿದರೆ ಕಾದ ಗಾಳಿಯನ್ನೇ ಕೂಡಿಹಾಕಿಕೊಂಡಂತೆ. ಒಂದೆರಡು ನಿಮಿಷ ಓಡಿದ ಮೇಲೆ ಗಾಜು ಏರಿಸಿ ಒಳಗಾಳಿಗೆ ಬರಬೇಕು. ಕಾರು ತಣಿದು ಬ್ಲೋಯರ್ ಸದ್ದು ತಗ್ಗಿದಾಗ, ಹೊರಟ ಹದಿನೈದು ಇಪ್ಪತ್ತು ನಿಮಿಷದೊಳಗೆ, ಮತ್ತೆ ಹೊರಗಾಳಿಗೆ ತಿರುಗಬೇಕು. ಕಾರು ತುಂಬ ಜನರಿದ್ದರೆ ಇನ್ನೂ ಬೇಗ. ಹೊರಗಾಳಿಯಲ್ಲಿ ತಂಪು ಸಾಲದಷ್ಟು ಬಿಸಿಲಿದ್ದರೆ ಪೂರ್ತಿ ಒಳಗಾಳಿಯಲ್ಲೇ ಉಳಿಯದೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೆಲವು ನಿಮಿಷ ಹೊರಗಾಳಿ ಬಿಡುವುದು ಒಳ್ಳೆಯ ಅಭ್ಯಾಸ. ಕೆಲವು ಕಾರುಗಳು ‘ಆಟೋ’ ಸ್ಥಿತಿಯಲ್ಲಿ ಈ ಬದಲಾವಣೆಗಳನ್ನು ತಾವೇ ಮಾಡುತ್ತವೆ. ಕೈಯಿಂದ ಒಳಗಾಳಿ ಒತ್ತಿದ ಕೂಡಲೇ ಆ ಜವಾಬ್ದಾರಿ ಒತ್ತಿದವರಿಗೆ ಬರುತ್ತದೆ.

ಇರುಳಿನ ಪಯಣದ ಲೆಕ್ಕ ಬೇರೆ. ಬಿಸಿಲಿಳಿದ ಮೇಲೆ ಈ ಬಯಲಿನ ಗಾಳಿ ಬೇಗ ತಂಪಾಗುವುದರಿಂದ ಹೊರಗಾಳಿ ಇಟ್ಟರೂ ಏಸಿಗೆ ಹೊರೆಯಿಲ್ಲ. ಚಾಲಕರ ಎಚ್ಚರಕ್ಕೆ ಅದೇ ಮೇಲು.

ದೂಳು, ಹೊಗೆ, ವಾಸನೆ

ದೂಳಿನ ವಿಷಯದಲ್ಲಿ ಎರಡು ಸನ್ನಿವೇಶಗಳನ್ನು ಬೇರೆಬೇರೆಯಾಗಿ ನೋಡಬೇಕು. ಎದುರಿಗೆ ಲಾರಿಯೋ ಟ್ರ್ಯಾಕ್ಟರೋ ದೂಳೆಬ್ಬಿಸುತ್ತ ಹೋಗುತ್ತಿದ್ದರೆ, ಕುರಿಹಿಂಡು ದಾಟುತ್ತಿದ್ದರೆ, ಗಿರಣಿಯ ಬೀದಿಯಲ್ಲಿ ಹೊಟ್ಟು ಹಾರುತ್ತಿದ್ದರೆ ತಕ್ಷಣ ಒಳಗಾಳಿ ಒತ್ತಬೇಕು. ಲಾರಿಯ ಕರಿಹೊಗೆಗೂ, ಬೆಲೆ ಬಿದ್ದ ವರ್ಷ ರಸ್ತೆಬದಿಗೆ ಸುರಿದ ಈರುಳ್ಳಿಯ ನಾತಕ್ಕೂ ಇದೇ ಮದ್ದು. ದೂಳು ಮೂಗಿಗೆ ಬಡಿದ ಮೇಲೆ ಒತ್ತಿದರೆ ಬಂದ ದೂಳು ಒಳಗೇ ಉಳಿಯುತ್ತದೆ. ಕಣ್ಣಿಗೆ ಕಂಡಾಗಲೇ ಒತ್ತಬೇಕು. ದಾಟಿದ ಮೇಲೆ ಹೊರಗಾಳಿಗೆ ಮರಳುವುದನ್ನು ಮರೆಯಬಾರದು.

ಮುಂದೆ ಯಾವ ವಾಹನವೂ ಇಲ್ಲದ ಉದ್ದನೆಯ ಮಣ್ಣುರಸ್ತೆಯಲ್ಲಿ ಮಾತ್ರ ಹೊರಗಾಳಿಯೇ ಲೇಸು. ಬ್ಲೋಯರ್ ಜೋರಾಗಿದ್ದು ಹೊರಗಿನ ಗಾಳಿ ಒಳಗೆ ನುಗ್ಗುವಾಗ ಕಾರಿನೊಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುತ್ತದೆ. ಬಾಗಿಲು, ಡಿಕ್ಕಿಗಳ ಸಂದುಗಳಲ್ಲಿ ಗಾಳಿ ಒಳಗಿನಿಂದ ಹೊರಕ್ಕೆ ಸೋರುವುದರಿಂದ ಕಾರು ತಾನೇ ಎಬ್ಬಿಸಿದ ಹಿಂದಿನ ದೂಳು ಒಳಕ್ಕೆ ನುಸುಳದು. ಒಳಗಾಳಿಯಲ್ಲಿ ಈ ಒತ್ತಡ ಇರುವುದಿಲ್ಲ. ರಬ್ಬರ್ ಸವೆದ ಹಳೆಯ ಕಾರಿನ ಡಿಕ್ಕಿಯಲ್ಲಿ ಕೆಂಪು ಮಣ್ಣು ಕೂರಲು ಇದೂ ಒಂದು ಕಾರಣ. ಆದರೆ ಈ ಉಪಾಯ ಫಲಿಸಬೇಕಾದರೆ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಚೊಕ್ಕಟವಾಗಿರಬೇಕು.

ನಾಯಕನಹಟ್ಟಿಯಲ್ಲಿ ಫಾಲ್ಗುಣ ಮಾಸದ ದೊಡ್ಡ ರಥೋತ್ಸವದ ದಿನ ಭಕ್ತರು ಹರಕೆಯಾಗಿ ಒಣ ಕೊಬ್ಬರಿ ಸುಡುತ್ತಾರೆ. ಸಾವಿರಾರು ಜನ, ನೂರಾರು ವಾಹನ, ಕಾಲ್ದೂಳು, ಕೊಬ್ಬರಿಯ ಹೊಗೆ ಎಲ್ಲವೂ ಸೇರಿದ ಆ ಹಾದಿಯಲ್ಲಿ ಕಾರು ಆಮೆಯಂತೆ ತೆವಳುತ್ತದೆ. ಅಲ್ಲಿ ಒಳಗಾಳಿಯೇ ಸರಿ. ಆದರೆ ಗಂಟೆಗಟ್ಟಲೆ ಸಿಲುಕಿದಾಗ ಹೊಗೆ ತೆಳುವಾದ ಕಡೆಯಲ್ಲೆಲ್ಲ ಕೆಲವು ನಿಮಿಷ ಹೊರಗಾಳಿ ಬಿಟ್ಟು, ಒಳಗಿನ ಗಾಳಿಯನ್ನು ಬದಲಿಸಬೇಕು. ಮಕ್ಕಳು, ಮುದುಕರು, ಉಬ್ಬಸದವರು ಜೊತೆಯಲ್ಲಿದ್ದರೆ ಇದು ಅಗತ್ಯ. ಹೊಗೆಯಲ್ಲಿನ ಅನಿಲಗಳನ್ನು ಪತ್ತೆಮಾಡಿ ಒಳಗಾಳಿಗೆ ತಾನೇ ತಿರುಗುವ ಸಂವೇದಕ ದುಬಾರಿ ಕಾರುಗಳಲ್ಲಿ ಇದೆ. ಅದು ಗುರುತಿಸುವುದು ವಾಹನದ ಹೊಗೆಯ ಅನಿಲಗಳನ್ನು, ಮಣ್ಣಿನ ದೂಳನ್ನಲ್ಲ.

ಮಳೆ, ಚಳಿ ಮತ್ತು ಗಾಜಿನ ಮಬ್ಬು

ಅಕ್ಟೋಬರ್ ಮಳೆಯಲ್ಲಿ ಗಾಜು ಮಬ್ಬಾಗುವುದು ಎರಡು ಬಗೆ. ಗಾಜಿನ ಒಳಮೈ ಮಬ್ಬಾದರೆ ಅದು ಕುಳಿತವರ ಉಸಿರಿನ, ಒದ್ದೆ ಬಟ್ಟೆಯ ತೇವ. ಒಳಗಾಳಿಯಲ್ಲಿ ಅದು ಹೊರಹೋಗಲು ದಾರಿಯಿಲ್ಲದೆ ಹೆಚ್ಚುತ್ತದೆ. ಆಗ ಹೊರಗಾಳಿಗೆ ತಿರುಗಿ, ಏಸಿ ಹಾಕಿ, ಗಾಳಿಯನ್ನು ಮುಂಗಾಜಿನತ್ತ ಬಿಡಬೇಕು. ಏಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುವುದರಿಂದ ಮಳೆಯಲ್ಲೂ ಅದು ಬೇಕು. ಜೊತೆಗೆ ಉಷ್ಣತೆಯನ್ನು ಏರಿಸಿದರೆ ಗಾಜು ಇನ್ನೂ ಬೇಗ ತಿಳಿಯಾಗುತ್ತದೆ. ಮುಂಗಾಜಿನ ಚಿತ್ರವಿರುವ ಡಿಫ್ರಾಸ್ಟ್ ಗುಂಡಿ ಒತ್ತಿದರೆ ಬಹುತೇಕ ಕಾರುಗಳು ಇದಿಷ್ಟನ್ನೂ ತಾವೇ ಮಾಡುತ್ತವೆ.

ಗಾಜಿನ ಹೊರಮೈ ಮಬ್ಬಾದರೆ ಕಾರಣ ತಿರುವುಮುರುವು: ಒಳಗಿನ ಅತಿ ತಂಪಿಗೆ ಗಾಜು ತಣ್ಣಗಾಗಿ ಹೊರಗಿನ ತೇವ ಅದರ ಮೇಲೆ ಕೂರುತ್ತದೆ. ಆಗ ವೈಪರ್ ಹಾಕಿ, ಉಷ್ಣತೆಯ ಅಂಕಿಯನ್ನು ಎರಡು ಮೂರು ಡಿಗ್ರಿ ಏರಿಸಿ, ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಬೇಕು. ಯಾವ ಬಗೆ ಎಂದು ತಿಳಿಯಲು ಬೆರಳಿಂದ ಒಳಮೈ ಒರೆಸಿ ನೋಡಿದರೆ ಸಾಕು.

ಆರೋಗ್ಯ ಮತ್ತು ಸುರಕ್ಷತೆ

ಎಲ್ಲಕ್ಕಿಂತ ಗಂಭೀರವಾದ ಅಪಾಯ ನಿಂತ ಕಾರಿನದು. ಎಂಜಿನ್ ಓಡಿಸಿಟ್ಟು, ಗಾಜು ಏರಿಸಿ, ಏಸಿ ಹಾಕಿಕೊಂಡು ಮಲಗುವುದು ಪ್ರಾಣಕ್ಕೆ ಎರವು. ಸೈಲೆನ್ಸರ್ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಇಂಗಾಲದ ಮಾನಾಕ್ಸೈಡ್ ಒಳಗೆ ಸೇರಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವಾಗುವ ಮೊದಲೇ ಅದು ಕೊಲ್ಲುತ್ತದೆ. ಗೋಡೆಯ ಪಕ್ಕ, ಮುಚ್ಚಿದ ಗ್ಯಾರೇಜಿನಲ್ಲಿ, ಒತ್ತೊತ್ತಾಗಿ ವಾಹನ ನಿಂತ ಜಾತ್ರೆಯ ಬಯಲಿನಲ್ಲಿ ಅಪಾಯ ಇನ್ನೂ ಹೆಚ್ಚು. ಒಳಗಾಳಿ ಇದರಿಂದ ಕಾಪಾಡುತ್ತದೆ ಎಂದು ನಂಬಬಾರದು. ದೂರದಿಂದ ಬಂದು ದಣಿದ ಚಾಲಕರು ಎಂಜಿನ್ ಆರಿಸಿ, ಗಾಜು ಇಳಿಸಿ, ಮರದ ನೆರಳಿನಲ್ಲಿ ಮಲಗಬೇಕು. ಕರೆದುಕೊಂಡು ಬಂದವರು ಅವರಿಗೆ ಒಂದು ಜಾಗ ಮಾಡಿಕೊಡಬೇಕು.

ಮಕ್ಕಳನ್ನು ‘ಎರಡೇ ನಿಮಿಷ’ ಎಂದು ನಿಂತ ಕಾರಿನಲ್ಲಿ ಬಿಟ್ಟುಹೋಗುವುದು ಇನ್ನೊಂದು ಅಪಾಯ. ಬಿಸಿಲಲ್ಲಿ ಕಾರಿನ ಒಳಗಿನ ಉಷ್ಣತೆ ಹತ್ತು ನಿಮಿಷದಲ್ಲಿ ಸುಮಾರು 11 ಡಿಗ್ರಿ ಏರಬಲ್ಲದು. ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಗಾಜನ್ನು ಬೆರಳಗಲ ಇಳಿಸಿದರೆ ಸಾಲದು.

ಉಳಿದಂತೆ, ಏಸಿಯ ಗಾಳಿ ಮೊದಲೇ ಒಣದಾದ ಇಲ್ಲಿನ ಹವೆಯನ್ನು ಇನ್ನಷ್ಟು ಒಣಗಿಸುತ್ತದೆ. ಕಣ್ಣುರಿ, ಗಂಟಲು ಒಣಗುವುದು ಕಾಣುತ್ತದೆ. ಕಿಂಡಿಗಳನ್ನು ಮುಖಕ್ಕೆ ನೇರ ಹಿಡಿಯದೆ ಎದೆಯ ಮೇಲ್ಭಾಗಕ್ಕೋ ಸೂರಿನ ಕಡೆಗೋ ತಿರುಗಿಸಬೇಕು, ನೀರು ಕುಡಿಯುತ್ತಿರಬೇಕು. ಕೆಮ್ಮು, ನೆಗಡಿಯವರು ಜೊತೆಗಿದ್ದರೆ ಹೊರಗಾಳಿ ಅಥವಾ ತೆರೆದ ಗಾಜು ಸೋಂಕಿನ ಸಂಭವವನ್ನು ತಗ್ಗಿಸುತ್ತದೆ. ತೀರ ತಂಪು ಕಾರಿನಿಂದ 40 ಡಿಗ್ರಿಯ ಬಿಸಿಲಿಗೆ ಇಳಿಯುವುದು ವಯಸ್ಸಾದವರಿಗೆ ಕಷ್ಟ. ಊರು ಹತ್ತಿರವಾದಂತೆ ಅಂಕಿಯನ್ನು ಎರಡು ಮೂರು ಡಿಗ್ರಿ ಏರಿಸುತ್ತ ಬರುವುದು ಅವರಿಗೆ ಮಾಡುವ ಉಪಕಾರ.

ಇಂಧನ ಮತ್ತು ಬ್ಯಾಟರಿ

ಕಂಪ್ರೆಸರ್ ಓಡುವುದು ಎಂಜಿನ್‌ನ ಬಲದಿಂದಲೇ. ಆದ್ದರಿಂದ ಏಸಿ ಹಾಕಿದರೆ ಮೈಲೇಜ್ ಇಳಿಯುತ್ತದೆ. ನಿಧಾನ ಓಡಾಟದಲ್ಲಿ ಇಳಿತ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ವೇಗದಲ್ಲಿ ಗಾಜು ಇಳಿಸಿ ಓಡಿಸಿದರೂ ಗಾಳಿಯ ಎಳೆತದಿಂದ ಇಂಧನ ಖರ್ಚಾಗುವುದರಿಂದ ಹೆದ್ದಾರಿಯಲ್ಲಿ ಗಾಜು ಏರಿಸಿ ಹಿತಮಿತವಾಗಿ ಏಸಿ ಬಳಸುವುದೇ ಸೂಕ್ತ. ಊರೊಳಗೆ ಬೆಳಗಿನ, ಸಂಜೆಯ ಹೊತ್ತು ಗಾಜು ಇಳಿಸಿದರೆ ಸಾಕು. ನೆರಳಿನಲ್ಲಿ ನಿಲ್ಲಿಸುವುದು, ಮುಂಗಾಜಿಗೆ ಪರದೆ ಇಡುವುದು ಅತಿ ಅಗ್ಗದ ತಂಪು.

ವಿದ್ಯುತ್ ಕಾರುಗಳಲ್ಲಿ ಕಂಪ್ರೆಸರ್‌ಗೆ ಬೇಕಾದ ಶಕ್ತಿ ಬ್ಯಾಟರಿಯಿಂದ ಬರುತ್ತದೆ, ಓಡುವ ದೂರ ಅಷ್ಟು ಕಡಿಮೆಯಾಗುತ್ತದೆ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಇರುವುದರಿಂದ ಇದು ಗಮನಿಸಬೇಕಾದ ಸಂಗತಿ. ಚಾರ್ಜಿಂಗ್ ತಂತಿ ತೆಗೆಯುವ ಮೊದಲೇ ಕಾರನ್ನು ತಂಪು ಮಾಡಿಕೊಂಡರೆ ಆ ಹೊರೆ ಬ್ಯಾಟರಿಯ ಮೇಲೆ ಬೀಳುವುದಿಲ್ಲ.

ನಿರ್ವಹಣೆ

ಈ ಸೀಮೆಯಲ್ಲಿ ಮೊದಲು ಕೆಡುವುದು ಕ್ಯಾಬಿನ್ ಫಿಲ್ಟರ್. ಹಲವು ಕಾರುಗಳಲ್ಲಿ ಅದು ಎದುರಿನ ಗ್ಲೋವ್ ಬಾಕ್ಸ್‌ನ ಹಿಂದಿರುತ್ತದೆ. ಪೆಟ್ಟಿಗೆಯ ಎರಡು ಬದಿಯ ಕೊಕ್ಕೆ ಬಿಡಿಸಿ, ಮುಚ್ಚಳ ತೆಗೆದರೆ ಫಿಲ್ಟರ್ ಕೈಗೆ ಬರುತ್ತದೆ. ಒಂದು ವರ್ಷ ತೆಗೆಯದೆ ಬಿಟ್ಟ ಫಿಲ್ಟರ್‌ನ ಮಡಿಕೆಗಳಲ್ಲಿ ಕೆಂಪು ಮಣ್ಣು, ಶೇಂಗಾ ಹೊಟ್ಟಿನ ಚೂರು, ಒಣ ಎಲೆ, ಸತ್ತ ಹುಳು ಮೆತ್ತಿರುವುದನ್ನು ನೋಡಿದರೆ ತಾವು ಏನನ್ನು ಉಸಿರಾಡುತ್ತಿದ್ದೆವು ಎಂಬುದು ಯಾರಿಗಾದರೂ ಅರಿವಾಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ 10,000ದಿಂದ 15,000 ಕಿ.ಮೀ.ಗೊಮ್ಮೆ ಬದಲಿಸಬೇಕೆಂಬ ಸಲಹೆ ಇದೆ. ದೂಳಿನ ಪ್ರದೇಶಕ್ಕೆ ಇದರ ಅರ್ಧವೇ ಸರಿಯಾದ ಲೆಕ್ಕ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆದು ಮತ್ತೆ ಹಾಕಬಾರದು. ಬ್ಲೋಯರ್ ಜೋರಾಗಿ ಸದ್ದು ಮಾಡಿದರೂ ಗಾಳಿ ಕಡಿಮೆ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಎರಡನೆಯದು ಕಂಡೆನ್ಸರ್. ರೇಡಿಯೇಟರ್ ಮುಂದಿನ ಅದರ ತೆಳು ರೆಕ್ಕೆಗಳಲ್ಲಿ ಮಣ್ಣು, ಹುಳು ತುಂಬಿದರೆ ಶಾಖ ಹೊರಹೋಗದೆ ತಂಪು ಕುಂದುತ್ತದೆ. ಬೇಸಿಗೆಗೆ ಮುನ್ನ, ಎಂಜಿನ್ ತಣ್ಣಗಿರುವಾಗ, ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಜೋರು ಪಂಪಿನ ನೀರು ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಏಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ ಎಂದರ್ಥ. ಊರು ತಲುಪುವ ಕೆಲವು ನಿಮಿಷ ಮೊದಲೇ ಏಸಿ ಆರಿಸಿ ಬ್ಲೋಯರ್ ಮಾತ್ರ ಓಡಿಸಿದರೆ ಕಾಯಿಲ್ ಒಣಗಿ ಈ ತೊಂದರೆ ತಪ್ಪುತ್ತದೆ.

ಮೂರನೆಯದು, ವರ್ಷವರ್ಷವೂ ‘ಗ್ಯಾಸ್ ತುಂಬಿಸುವ’ ರೂಢಿ. ಶೈತ್ಯಕ ಅನಿಲ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ಸುತ್ತುತ್ತಿರುತ್ತದೆ. ಒಂದೇ ಬೇಸಿಗೆಯಲ್ಲಿ ತಂಪು ಇಳಿದುಹೋದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಅನಿಲ ತುಂಬಿಸುವುದು ದುಡ್ಡು ದಂಡ, ಕಂಪ್ರೆಸರ್‌ಗೂ ಕೇಡು.

ಶೈತ್ಯಕ ಅನಿಲ ಮತ್ತು ಪರಿಸರ

ಆರಂಭದ ಕಾರ್ ಏಸಿಗಳಲ್ಲಿದ್ದ ಆರ್-12 ಅನಿಲ ಓಝೋನ್ ಪದರವನ್ನು ಕೊರೆಯುತ್ತದೆಂದು ತಿಳಿದ ಮೇಲೆ, 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅದನ್ನು ಕೈಬಿಡಲಾಯಿತು. 1990ರ ದಶಕದಲ್ಲಿ ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್‌ಗೆ ಕೇಡು ಮಾಡದು. ಆದರೆ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1400 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಇಂಥ ಅನಿಲ ನಿಷಿದ್ಧ. ಅಲ್ಲಿ ಆರ್-1234ವೈಎಫ್ ಬಳಕೆಗೆ ಬಂದಿದೆ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ತಂದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಅದರಂತೆ 2032ರಿಂದ ಹಂತಹಂತವಾಗಿ ಇಳಿಸುತ್ತ, 2047ರ ಹೊತ್ತಿಗೆ ಈ ಬಗೆಯ ಅನಿಲಗಳ ಬಳಕೆಯನ್ನು ಶೇ 85ರಷ್ಟು ತಗ್ಗಿಸಬೇಕಿದೆ. ಸೋರುವ ಏಸಿಗೆ ಮತ್ತೆ ಮತ್ತೆ ಅನಿಲ ತುಂಬಿಸುವುದು ಆದಕಾರಣ ಜೇಬಿನ ವಿಷಯ ಮಾತ್ರವಲ್ಲ. ಮಳೆಯನ್ನೇ ನೆಚ್ಚಿ ಶೇಂಗಾ ಬಿತ್ತುವ, ಪದೇ ಪದೇ ಬರಕ್ಕೆ ತುತ್ತಾಗುವ ಈ ಸೀಮೆಗೆ ಹವೆ ಕಾಯುವುದರ ಪರಿಣಾಮ ಎಲ್ಲರಿಗಿಂತ ಮೊದಲು ತಟ್ಟುತ್ತದೆ.

ಮಿತಿ ಮತ್ತು ಸಲಹೆ

ಉಷ್ಣತೆಯನ್ನು ಕಾಯುವ ಕೆಲಸದಲ್ಲಿ ಸ್ವಯಂಚಾಲಿತ ವ್ಯವಸ್ಥೆ ಚಾಲಕರಿಗಿಂತ ಸಮರ್ಥ. ಗಾಳಿಯ ಗುಣವನ್ನು ಕಾಯುವ ಕೆಲಸದಲ್ಲಿ ಅದಿನ್ನೂ ಹಿಂದುಳಿದಿದೆ. ಇಂಗಾಲದ ಡೈಆಕ್ಸೈಡ್ ಅಳೆಯುವ ಸಂವೇದಕ ತಾಂತ್ರಿಕವಾಗಿ ಕಷ್ಟದ ಮಾತಲ್ಲ; ಸಣ್ಣ ಕಾರುಗಳಿಗೂ ಅದನ್ನು ಅಳವಡಿಸಿ, ಒಳಗಾಳಿಗೆ ತಾನೇ ಮಿತಿ ಹಾಕುವಂತೆ ಮಾಡುವುದು ತಯಾರಕರ ಹೊಣೆ. ಅಲ್ಲಿಯವರೆಗೆ ಬಳ್ಳಾರಿ ರಸ್ತೆಯಲ್ಲಿ, ಹಳ್ಳಿಯ ದಾರಿಗಳಲ್ಲಿ ಸಂಸಾರ ಕೂರಿಸಿಕೊಂಡು ಓಡುವವರು ನಾಲ್ಕು ಮಾತು ನೆನಪಿಡಬೇಕು. ಅಂಕಿಯನ್ನು 24–26ರಲ್ಲಿಟ್ಟು ‘ಆಟೋ’ಗೆ ಬಿಡಿ. ದೂಳು, ಹೊಗೆ ಕಂಡ ಕೂಡಲೇ ಒಳಗಾಳಿ ಒತ್ತಿ, ದಾಟಿದ ಕೂಡಲೇ ಬಿಡಿಸಿ. ಸುಗ್ಗಿ ಮುಗಿದಾಗಲೊಮ್ಮೆ, ಬೇಸಿಗೆ ಮುಗಿದಾಗಲೊಮ್ಮೆ ಫಿಲ್ಟರ್ ಬದಲಿಸಿ. ಏಸಿ ಹಾಕಿ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ಯಾರೂ ಮಲಗದಂತೆ ನೋಡಿಕೊಳ್ಳಿ.